ವೆಂಟಿಲೇಟರ್ ರೋಗಿಯ ಅನಿಲ ಮಾಪಕವನ್ನು ಪರೀಕ್ಷಿಸುವ ಕ್ರಮ

ವೆಂಟಿಲೇಟರ್‌ನಲ್ಲಿರುವ ರೋಗಿ ಬಳಸುವ ಆಮ್ಲಜನಕವನ್ನೂ ಹೊರಬಿಡುವ ಇಂಗಾಲದ ಡೈಆಕ್ಸೈಡನ್ನೂ ಅಳೆಯುವ ಮಾಪಕಕ್ಕೆ, ಉತ್ತರ ಮೊದಲೇ ಗೊತ್ತಿರುವ ಲೆಕ್ಕವೊಂದನ್ನು ಕೊಟ್ಟು ಅದರ ನಿಖರತೆಯನ್ನು ಪರೀಕ್ಷಿಸಬೇಕು. ಕ್ಯಾಲಿಬ್ರೇಷನ್ ಮುಗಿಸಿ, ಸರ್ಕ್ಯೂಟ್‌ನಲ್ಲಿ ಸೋರಿಕೆಯಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ, ವೆಂಟಿಲೇಟರನ್ನು ಕೃತಕ ಶ್ವಾಸಕೋಶಕ್ಕೆ ಜೋಡಿಸಿ, ಆಮ್ಲಜನಕವನ್ನು ಶೇ. 50ಕ್ಕೆ ಇರಿಸಿ, ಶ್ವಾಸಕೋಶದೊಳಗೆ ನಿಮಿಷಕ್ಕೆ 250 ಮಿ.ಲೀ. ನೈಟ್ರೋಜನ್ ಮತ್ತು 200 ಮಿ.ಲೀ. ಇಂಗಾಲದ ಡೈಆಕ್ಸೈಡ್ ಹರಿಸಿ.

ಹಾಲ್ಡೇನ್ ಸೂತ್ರವು ದೇಹ ನೈಟ್ರೋಜನನ್ನು ಬಳಸುವುದಿಲ್ಲವೆಂದು ಭಾವಿಸಿ, ಹೊರಬಂದ ನೈಟ್ರೋಜನ್‌ನಿಂದ ಒಳಹೋದ ಅನಿಲದ ಪ್ರಮಾಣವನ್ನು ಲೆಕ್ಕಹಾಕುತ್ತದೆ; ಹಾಗಾಗಿ ನಾವು ಸೇರಿಸಿದ ನೈಟ್ರೋಜನ್ ಅದಕ್ಕೆ ಆಮ್ಲಜನಕದ ಬಳಕೆಯಂತೆ ಕಾಣುತ್ತದೆ. ಈ ಸೂತ್ರವನ್ನು ಬಳಸುವ ಮಾಪಕವು ಆಗ ನಿಮಿಷಕ್ಕೆ 250 ಮಿ.ಲೀ. ಆಮ್ಲಜನಕ ಬಳಕೆಯನ್ನೂ 0.8 ಉಸಿರಾಟದ ಅನುಪಾತವನ್ನೂ (ಹೊರಬಿಟ್ಟ ಇಂಗಾಲದ ಡೈಆಕ್ಸೈಡನ್ನು ಬಳಸಿದ ಆಮ್ಲಜನಕದಿಂದ ಭಾಗಿಸಿದಾಗ ಬರುವುದು) ತೋರಿಸಬೇಕು. ಅಷ್ಟೇ ನೈಟ್ರೋಜನ್ ಆಮ್ಲಜನಕ ಶೇ. 60 ಇದ್ದಾಗ 375 ಮಿ.ಲೀ. ಬಳಕೆಯಾಗಿ, ಶೇ. 80 ಇದ್ದಾಗ 1000 ಆಗಿ ಕಾಣುತ್ತದೆ. ಆಮ್ಲಜನಕ ಏರಿದಂತೆ ಸಣ್ಣ ತಪ್ಪೂ ಹಿಗ್ಗುವುದು ಇದರಿಂದಲೇ.

ಹರಿವನ್ನು 0 ಡಿಗ್ರಿಯ ಒಣ ಅನಿಲದ ಲೆಕ್ಕಕ್ಕೆ ತರುವುದನ್ನು ಮರೆಯಬಾರದು. ಮಂಗಳೂರಿನ 30 ಡಿಗ್ರಿಯ ಕೋಣೆಯಲ್ಲಿ ಅಳೆದ 250 ಮಿ.ಲೀ. ವಾಸ್ತವದಲ್ಲಿ ಸುಮಾರು 225 ಮಾತ್ರ. ಈ ಒಂದು ಹೆಜ್ಜೆ ತಪ್ಪಿದರೆ ಒಳ್ಳೆಯ ಯಂತ್ರದ ಮೇಲೂ ಅಪವಾದ ಬರುತ್ತದೆ.

ಎಥನಾಲ್ ಉರಿಸುವ ಪರೀಕ್ಷೆಯೂ ಇದೆ. ಆದರೆ ಅದನ್ನು ಐಸಿಯುವಿನಿಂದ ದೂರ, ಪ್ರಯೋಗಾಲಯದಲ್ಲಿ, ಸಾಮಾನ್ಯ ಗಾಳಿಯಲ್ಲಷ್ಟೇ ಮಾಡತಕ್ಕದ್ದು. ಒಂದು ಗ್ರಾಂ ಶುದ್ಧ ಎಥನಾಲ್ ಉರಿಯಲು ಸುಮಾರು 1.46 ಲೀಟರ್ ಆಮ್ಲಜನಕ ಬೇಕು, ಅನುಪಾತ 0.67. ಕರಾವಳಿಯ ಆಷಾಢದಲ್ಲಿ ಮುಚ್ಚಳ ಸಡಿಲವಾಗಿದ್ದ ಬಾಟಲಿಯೊಂದು ನನ್ನನ್ನು ಇಡೀ ದಿನ ಕಾಡಿತು: ಎಥನಾಲ್ ತೇವ ಹೀರಿಕೊಂಡಿದ್ದರಿಂದ ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಪರಿಮಾಣಗಳೆರಡೂ ಕಡಿಮೆ ಬಂದರೂ ಅನುಪಾತ ಮಾತ್ರ ಸರಿಯಾಗಿಯೇ ಇತ್ತು. ಆದ್ದರಿಂದ ಅನುಪಾತವನ್ನಷ್ಟೇ ನೋಡಿ ಸಹಿ ಹಾಕದೆ, ಎರಡು ಪರಿಮಾಣಗಳನ್ನೂ ಪ್ರತ್ಯೇಕವಾಗಿ ಹೋಲಿಸಿ ದಾಖಲಿಸಿ.