ಟ್ಯಾರೋ ರೀಡಿಂಗ್‌ಗೆ ಸರಿಯಾದ ಪ್ರಶ್ನೆ ಕೇಳುವುದು ಹೇಗೆ?

‘ನನಗೆ ಈ ಕೆಲಸ ಸಿಗುತ್ತಾ?’, ‘ಮದುವೆ ಯಾವಾಗ ಆಗುತ್ತೆ?’, ‘ಅವನು ವಾಪಸ್ ಬರ್ತಾನಾ?’ ಟ್ಯಾರೋ ರೀಡಿಂಗ್‌ಗೆ, ಅಂದರೆ ಚಿತ್ರದ ಕಾರ್ಡು ತೆಗೆದು ಅದರಲ್ಲಿ ಉತ್ತರ ಹುಡುಕಲು, ಕೂತವರು ಹೆಚ್ಚಾಗಿ ಕೇಳುವುದು ಇವನ್ನೇ. ಮನಸ್ಸನ್ನು ಕೊರೆಯುತ್ತಿರುವುದೂ ಇದೇ ತಾನೆ? ಆದರೆ ಇಂಥ ಪ್ರಶ್ನೆ ಕೇಳಿ ಎದ್ದವರಿಗೆ ಸಮಾಧಾನ ಸಿಗುವುದು ಅಪರೂಪ. ಕಾರಣ ಕಾರ್ಡಿನಲ್ಲೇ ಇದೆ.

ಒಂದು ಡೆಕ್‌ನಲ್ಲಿ 78 ಕಾರ್ಡ್ ಇರುತ್ತವೆ. 22 ಮೇಜರ್ ಆರ್ಕಾನಾ, ಅಂದರೆ ಒಂದೊಂದಕ್ಕೂ ತನ್ನದೇ ಹೆಸರಿರುವ ಮುಖ್ಯ ಕಾರ್ಡುಗಳು. ಉಳಿದ 56 ಮೈನರ್ ಆರ್ಕಾನಾ, ಇಸ್ಪೀಟಿನ ಹಾಗೆ ನಾಲ್ಕು ಗುಂಪಿನವು. ಯಾವುದರಲ್ಲೂ ‘ಹೌದು’, ‘ಇಲ್ಲ’ ಎಂದು ಬರೆದಿಲ್ಲ. ತಾರೀಕೂ ಇಲ್ಲ. ಇರುವುದು ಚಿತ್ರ, ಹೆಚ್ಚೆಂದರೆ ಕಾರ್ಡಿನ ಹೆಸರು, ಅಂಕಿ. 1909ರಲ್ಲಿ ಲಂಡನ್‌ನಲ್ಲಿ ಹೊರಬಂದ ರೈಡರ್-ವೇಟ್ ಡೆಕ್ಕನ್ನು ಇವತ್ತಿಗೂ ತುಂಬಾ ಜನ ಬಳಸುತ್ತಾರೆ. ಅದರ ಚಿತ್ರಗಳನ್ನು ಬರೆದವರು ಪಮೇಲಾ ಕೋಲ್ಮನ್ ಸ್ಮಿತ್. ಮೈನರ್ ಕಾರ್ಡುಗಳಿಗೂ ಅವರು ಒಂದೊಂದು ದೃಶ್ಯ ಕೊಟ್ಟಿದ್ದಾರೆ. ಯಾರೋ ನಡೆದು ಹೋಗುತ್ತಿದ್ದಾರೆ, ಯಾರೋ ಕೆಲಸದಲ್ಲಿ ಮುಳುಗಿದ್ದಾರೆ, ಯಾರೋ ತಲೆ ಹಿಡಿದು ಕೂತಿದ್ದಾರೆ. ಮನುಷ್ಯ ಏನು ಮಾಡುತ್ತಿದ್ದಾನೆ ಎಂದು ತೋರಿಸುವ ಚಿತ್ರದ ಮುಂದೆ, ನಾನು ಏನು ಮಾಡಬಹುದು ಎಂದು ಕೇಳಿದರೇ ಮಾತು ಮುಂದೆ ಹೋಗುವುದು.

ಮೊದಲು ಬರೆದುಕೊಳ್ಳಿ

ಕಾರ್ಡ್ ಮುಟ್ಟುವ ಮುಂಚೆ ಪೆನ್ನು, ಹಾಳೆ ತೆಗೆದುಕೊಳ್ಳಿ. ಮನಸ್ಸಿನಲ್ಲಿ ಇರುವುದನ್ನು ಇದ್ದ ಹಾಗೇ ಬರೆಯಿರಿ. ‘ಕೆಲಸ ಸಿಗುತ್ತಾ?’ ಎಂದೇ ಇದ್ದರೆ ಹಾಗೇ ಇರಲಿ. ಅದರ ಕೆಳಗೆ ಇನ್ನೊಂದು ಸಾಲು: ‘ಇದರ ಉತ್ತರ ಸಿಕ್ಕರೆ ನಾನು ಏನು ಮಾಡ್ತೀನಿ?’ ಅಲ್ಲಿ ಏನೂ ಬರೆಯಲು ತೋಚದಿದ್ದರೆ ಪ್ರಶ್ನೆ ಇನ್ನೂ ಹಣ್ಣಾಗಿಲ್ಲ. ಏನಾದರೂ ತೋಚಿದರೆ, ಕೇಳಬೇಕಾದ ಪ್ರಶ್ನೆ ಹೆಚ್ಚಾಗಿ ಆ ಎರಡನೇ ಸಾಲಿನಲ್ಲೇ ಇರುತ್ತದೆ.

ಆಮೇಲೆ ತಿದ್ದಿ

‘ಆಗುತ್ತಾ’, ‘ಯಾವಾಗ’ ಎಂಬುದನ್ನು ‘ಏನು’, ‘ಹೇಗೆ’ ಎಂದು ಬದಲಿಸಿ. ‘ಕೆಲಸ ಸಿಗುತ್ತಾ?’ ಎಂಬುದು ‘ಈ ಇಂಟರ್‌ವ್ಯೂಗೆ ಮುಂಚೆ ನಾನು ಯಾವುದರ ಕಡೆ ಗಮನ ಕೊಡಬೇಕು?’ ಎಂದಾಗಲಿ. ಇಷ್ಟರಿಂದ ಏನು ವ್ಯತ್ಯಾಸ ಅನ್ನುವವರು ಒಂದು ಕಾರ್ಡನ್ನೇ ನೋಡಿ.

ಟೂ ಆಫ್ ಸ್ವೋರ್ಡ್ಸ್, ಅಂದರೆ ಮೈನರ್ ಕಾರ್ಡುಗಳಲ್ಲಿ ಕತ್ತಿ ಗುಂಪಿನ ಎರಡನೆಯದು, ಬಂತು ಅಂದುಕೊಳ್ಳೋಣ. ಹೆಂಗಸೊಬ್ಬಳು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದಾಳೆ. ಎದೆಯ ಮೇಲೆ ಕೈ ಅಡ್ಡ ಹಾಕಿ, ಎರಡೂ ಕೈಯಲ್ಲಿ ಒಂದೊಂದು ಕತ್ತಿ ಎತ್ತಿ ಹಿಡಿದಿದ್ದಾಳೆ. ಬೆನ್ನ ಹಿಂದೆ ನೀರು, ನೀರಿನಲ್ಲಿ ಬಂಡೆಗಳು, ಮೇಲೆ ಚಂದ್ರ. ‘ಕೆಲಸ ಸಿಗುತ್ತಾ?’ ಎಂಬುದಕ್ಕೆ ಈ ಚಿತ್ರ ಹೌದು ಅಂದಿತಾ, ಇಲ್ಲ ಅಂದಿತಾ? ಹೇಗೆ ಬೇಕಾದರೂ ಎಳೆಯಬಹುದು. ಆಸೆ ಇದ್ದವರಿಗೆ ಹೌದು ಕಾಣುತ್ತದೆ, ಭಯ ಇದ್ದವರಿಗೆ ಇಲ್ಲ ಕಾಣುತ್ತದೆ.

ಈಗ ತಿದ್ದಿದ ಪ್ರಶ್ನೆ ಇಟ್ಟುಕೊಂಡು ಅದೇ ಕಾರ್ಡ್ ನೋಡಿ. ಮೊದಲು ಕಣ್ಣಿಗೆ ಬೀಳುವುದು ಆ ಬಟ್ಟೆ. ನಾನು ನೋಡದೆ ಬಿಟ್ಟಿರುವುದು ಏನು? ಸಂಬಳದ ವಿಷಯವಾ, ಕೆಲಸದ ಹೊತ್ತಾ? ಅಥವಾ ಈ ಕೆಲಸ ಬೇಕೋ ಬೇಡವೋ ಅಂತ ನಾನೇ ಇನ್ನೂ ತೀರ್ಮಾನ ಮಾಡಿಲ್ಲವಾ? ಯೋಚನೆ ಶುರುವಾಯಿತು, ಅಲ್ವಾ? ಟ್ಯಾರೋದಿಂದ ಸಿಗುವ ನಿಜವಾದ ಲಾಭ ಇದೇ ಎಂದು ನಾನು ನಂಬಿದ್ದೇನೆ.

ಹಾಗಂತ ಪ್ರಶ್ನೆಯನ್ನು ಜಾಸ್ತಿ ಸಡಿಲ ಮಾಡಬೇಡಿ. ‘ನನ್ನ ಭವಿಷ್ಯ ಹೇಗಿದೆ?’ ಎಂದರೆ ಯಾವ ಕಾರ್ಡ್ ಬಂದರೂ ಒಪ್ಪುತ್ತದೆ. ವಿಷಯ ಯಾವುದು, ಎಷ್ಟು ದಿನದ ಮಾತು ಎನ್ನುವುದು ಪ್ರಶ್ನೆಯಲ್ಲೇ ಇರಲಿ. ‘ಮುಂದಿನ ಮೂರು ತಿಂಗಳಲ್ಲಿ ಓದಿನ ವಿಷಯದಲ್ಲಿ ನನಗೆ ಅಡ್ಡ ಬರುವುದು ಏನು?’ ಎನ್ನುವುದು ಗಟ್ಟಿ ಪ್ರಶ್ನೆ.

ಒಳಗೆ ಅಡಗಿ ಕೂತದ್ದನ್ನು ಹುಡುಕಿ

‘ಅವಳು ಯಾಕೆ ನನ್ನಿಂದ ವಿಷಯ ಮುಚ್ಚಿಡ್ತಿದ್ದಾಳೆ?’ ಇದು ಪ್ರಶ್ನೆಯ ಹಾಗೆ ಕಾಣುತ್ತದೆ. ಆದರೆ ಅವಳು ಮುಚ್ಚಿಡುತ್ತಿದ್ದಾಳೆ ಎಂದು ಮೊದಲೇ ತೀರ್ಮಾನ ಆಗಿದೆ. ಆಮೇಲೆ ಯಾವ ಕಾರ್ಡ್ ಬಂದರೂ ಅದು ಸಾಕ್ಷಿಯೇ. ‘ನಮ್ಮಿಬ್ಬರ ನಡುವೆ ಮಾತು ಕಡಿಮೆಯಾಗಿದೆ, ಇದರಲ್ಲಿ ನನ್ನ ಪಾಲು ಏನು?’ ಎಂದು ಕೇಳಿ. ಕಷ್ಟ, ಒಪ್ಪುತ್ತೇನೆ. ಆದರೆ ಅವಳು ಅಲ್ಲಿ ಇಲ್ಲ, ಉತ್ತರ ಹೇಳಿಕೊಳ್ಳಲು ಅವಕಾಶವೂ ಇಲ್ಲ. ಎದುರಿಗಿಲ್ಲದವರ ಮನಸ್ಸನ್ನು ಕಾರ್ಡ್ ಹಾಕಿ ಓದುವುದು ಅನ್ಯಾಯ ಎಂದೇ ನನಗೆ ಅನಿಸುತ್ತದೆ. ಎಷ್ಟೋ ರೀಡರ್‌ಗಳು ಇಂಥ ಪ್ರಶ್ನೆ ಬಂದರೆ ಬೇಡ ಅನ್ನುತ್ತಾರೆ.

ಒಂದರಲ್ಲಿ ಎರಡು ಸೇರಿಸುವುದೂ ಬೇಡ. ‘ಕೆಲಸ ಬಿಟ್ಟು ಬೇರೆ ಊರಿಗೆ ಹೋಗಲಾ?’ ಎಂದರೆ ಕಾರ್ಡ್ ಕೆಲಸಕ್ಕೋ ಊರಿಗೋ ಗೊತ್ತಾಗುವುದಿಲ್ಲ. ಬೇರೆ ಬೇರೆ ಮಾಡಿ ಕೇಳಿ.

ಪ್ರಶ್ನೆಗೆ ತಕ್ಕಷ್ಟು ಕಾರ್ಡ್

ಸಣ್ಣ ಪ್ರಶ್ನೆಗೆ ಒಂದು ಕಾರ್ಡ್ ಸಾಕು. ಎರಡು ದಾರಿಯ ನಡುವೆ ಸಿಕ್ಕಿಕೊಂಡಿದ್ದರೆ ಮೂರು: ಈ ದಾರಿ ಹಿಡಿದರೆ ಎದುರಾಗುವುದು, ಆ ದಾರಿ ಹಿಡಿದರೆ ಎದುರಾಗುವುದು, ಎರಡರಲ್ಲೂ ನಾನು ಮರೆತಿರುವುದು. ಯಾವ ಜಾಗಕ್ಕೆ ಯಾವ ಅರ್ಥ ಎನ್ನುವುದನ್ನು ಕಾರ್ಡ್ ತೆಗೆಯುವ ಮುಂಚೆಯೇ ಬರೆದಿಡಿ. ಕಾರ್ಡ್ ನೋಡಿದ ಮೇಲೆ ಅರ್ಥ ಹಚ್ಚಲು ಹೋದರೆ ಮನಸ್ಸು ತನಗೆ ಬೇಕಾದ ಕಡೆಗೇ ಜಾರುತ್ತದೆ. ಕಾರ್ಡ್ ಜೋಡಿಸುವ ಕ್ರಮಕ್ಕೆ ಸ್ಪ್ರೆಡ್ ಅನ್ನುತ್ತಾರೆ. ಹತ್ತು ಕಾರ್ಡಿನ ಸೆಲ್ಟಿಕ್ ಕ್ರಾಸ್ ಸ್ಪ್ರೆಡ್ ದೊಡ್ಡ, ಗೋಜಲಾದ ವಿಷಯಗಳಿಗೆ ಇರಲಿ.

ಕೇಳಲೇಬಾರದ್ದು

ಕಾಯಿಲೆ, ಗರ್ಭ, ಕೋರ್ಟ್ ಕೇಸು, ಯಾರದಾದರೂ ಸಾವು. ಇವನ್ನು ಕಾರ್ಡಿಗೆ ಒಡ್ಡಬೇಡಿ. ಡಾಕ್ಟರನ್ನೋ ವಕೀಲರನ್ನೋ ಕೇಳಿ. ಡೆತ್ ಕಾರ್ಡನ್ನು ರೀಡರ್‌ಗಳು ಸಾಮಾನ್ಯವಾಗಿ ಒಂದು ಘಟ್ಟ ಮುಗಿದು ಇನ್ನೊಂದು ಶುರುವಾಗುವುದು ಎಂದು ಓದುತ್ತಾರೆ. ಆದರೆ ‘ನನ್ನ ಅಮ್ಮ ಗುಣ ಆಗ್ತಾರಾ?’ ಎಂದು ಕೇಳಿದವರ ಕೈಗೆ ಆ ಕಾರ್ಡ್ ಬಂದರೆ, ಯಾವ ವಿವರಣೆ ಕೊಟ್ಟರೂ ಅವರಿಗೆ ಆ ರಾತ್ರಿ ನಿದ್ದೆ ಹತ್ತುವುದಿಲ್ಲ.

ಉತ್ತರ ಇಷ್ಟ ಆಗಲಿಲ್ಲ ಅಂತ ಅದೇ ಪ್ರಶ್ನೆಗೆ ಮತ್ತೆ ಮತ್ತೆ ಶಫಲ್ ಮಾಡಬೇಡಿ. ಪ್ರಶ್ನೆ, ತಾರೀಕು, ಬಂದ ಕಾರ್ಡ್, ಆಗ ಹೊಳೆದದ್ದು, ಇಷ್ಟನ್ನು ಬರೆದು ಪುಸ್ತಕ ಮುಚ್ಚಿಡಿ. ಇಂಟರ್‌ವ್ಯೂ ಮುಗಿಯಿತು, ಅವರ ಕಡೆಯಿಂದ ಉತ್ತರವೂ ಬಂತು ಅಂದರೆ ಆಗ ಪ್ರಶ್ನೆಯೇ ಬೇರೆ. ಅದನ್ನು ಹೊಸ ಹಾಳೆಯಲ್ಲಿ ಬರೆದುಕೊಂಡು ಮತ್ತೆ ಕಾರ್ಡ್ ತೆಗೆಯಿರಿ.