ಹಸೆ ಚಿತ್ತಾರ ಬರೆಸುವ ಮುನ್ನ: ಲೆಕ್ಕ, ಸ್ನೇಹ, ಮಳೆಗಾಲ

ಶಿರಸಿ, ಸಿದ್ದಾಪುರದ ಕಡೆ ದೀವರ ಸಮುದಾಯದ ಹೆಣ್ಣುಮಕ್ಕಳು ಗೋಡೆಯ ಮೇಲೆ ಬರೆಯುತ್ತ ಬಂದ ಹಸೆ ಚಿತ್ತಾರವನ್ನು ಈಗ ಬಟ್ಟೆ, ಹಲಗೆಯ ಮೇಲೂ ಬರೆಸಿಕೊಳ್ಳಬಹುದು. ಅಂಗಡಿಯಲ್ಲಿ ಕೊಳ್ಳುವುದಕ್ಕಿಂತ ಬರೆಯುವವರ ಮನೆಗೇ ಹೋಗಿ ಕೇಳುವುದು ಮೇಲು. ಆದರೆ ಹಣದ ಮಾತು ಮೊದಲೇ ಮುಗಿದಿರಬೇಕು.

ಇದಕ್ಕೆ ಹಳೆಯ ಪಾಠವೊಂದಿದೆ. ಲಿವರ್‌ಪೂಲಿನ ಹಡಗು ಮಾಲೀಕ ಫ್ರೆಡರಿಕ್ ಲೇಲ್ಯಾಂಡ್ ಚಿತ್ರಕಾರ ವಿಸ್ಲರ್‌ನ ಸ್ನೇಹಿತ, ಪೋಷಕ. ಲಂಡನ್ನಿನ ಮನೆಯ ಊಟದ ಕೋಣೆಯಲ್ಲಿ ಸಣ್ಣಪುಟ್ಟ ಬಣ್ಣದ ಕೆಲಸ ಮಾಡಲು ಹೇಳಿದ್ದ. 1876ರಲ್ಲಿ ಅವನು ಊರಲ್ಲಿಲ್ಲದಾಗ ವಿಸ್ಲರ್ ಇಡೀ ಕೋಣೆಯನ್ನು ನೀಲಿ, ಹಸಿರು, ಚಿನ್ನದ ನವಿಲುಗಳಿಂದ ತುಂಬಿ 2,000 ಗಿನಿ ಕೇಳಿದ. ಲೇಲ್ಯಾಂಡ್ ಅರ್ಧ ಕೊಟ್ಟ, ಅದೂ ಪೌಂಡಿನಲ್ಲಿ. ಗಿನಿ ಎಂದರೆ 21 ಶಿಲಿಂಗ್, ಪೌಂಡು 20; ಆಗ ಕಲಾವಿದರಿಗೆ ಗಿನಿಯಲ್ಲಿ, ವ್ಯಾಪಾರಿಗಳಿಗೆ ಪೌಂಡಿನಲ್ಲಿ ಕೊಡುವುದು ರೂಢಿ. ವ್ಯಾಪಾರಿಗಳಿಗೆ ಕೊಡುವಂತೆ ಕೊಟ್ಟನೆಂದು ನೊಂದ ವಿಸ್ಲರ್ ಅದೇ ಗೋಡೆಯ ಮೇಲೆ ಕಾದಾಡುವ ಎರಡು ನವಿಲು ಬರೆದ; ಒಂದರ ಕಾಲಬುಡದಲ್ಲಿ ನಾಣ್ಯಗಳ ರಾಶಿ. ಸ್ನೇಹ ಅಲ್ಲಿಗೇ ಮುಗಿಯಿತು. ಇನ್ನೊಬ್ಬ ಪೋಷಕ, ಲೀಡ್ಸಿನ ಥಾಮಸ್ ಪ್ಲಿಂಟ್‌ನದು ಇನ್ನೊಂದು ಬಗೆ: ಚಿತ್ರ ಮುಗಿಯುವ ಮೊದಲೇ ಧಾರಾಳವಾಗಿ ಹಣ ಕೊಡುತ್ತಿದ್ದ. 1861ರಲ್ಲಿ ತೀರಿಕೊಂಡಾಗ, ಮುಂಗಡ ಪಡೆದಿದ್ದ ಚಿತ್ರಕಾರ ರೊಸೆಟ್ಟಿಯನ್ನು ಅವನ ಆಸ್ತಿ ನೋಡಿಕೊಳ್ಳುವವರು ಬಾಕಿ ಚಿತ್ರಗಳಿಗಾಗಿ ಕಾಡಿದರು.

ಹಾಗಾಗಿ ಒಂದು ಹಾಳೆಯಲ್ಲಿ ಅಳತೆ, ಬೆಲೆ, ಕೊಡುವ ದಿನ ಬರೆದು ಇಬ್ಬರೂ ಸಹಿ ಹಾಕಿ. ಮೂರನೇ ಒಂದು ಭಾಗ ಮುಂಗಡ, ಗೆರೆಗಳು ಮುಗಿದಾಗ ಇನ್ನೊಂದು ಭಾಗ, ಕೈಗೆ ಬಂದಾಗ ಉಳಿದದ್ದು. ಕೆಲಸ ಅರ್ಧಕ್ಕೆ ನಿಂತರೆ ಮುಂಗಡದ ಗತಿ ಏನೆಂಬುದನ್ನೂ ಬರೆಯಿರಿ. ಚದರ ಅಡಿಗೆ ಇಷ್ಟೆಂದು ಬೆಲೆ ಕಟ್ಟುವುದು ಅನ್ಯಾಯ. ಗೆರೆ ಒತ್ತಾದಷ್ಟೂ ದಿನ ಹೆಚ್ಚು ಬೇಕು. ಮದುವೆ ಕಾಲದಲ್ಲಿ ಅವಸರ ಮಾಡಬೇಡಿ, ಆಗ ಅವರಿಗೆ ಗೋಡೆಯ ಕೆಲಸವಿರುತ್ತದೆ.

ಆ ಹಾಳೆಯಲ್ಲಿ ಹಕ್ಕಿನ ಸಾಲು ಮರೆಯಲೇಬಾರದು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಹಣ ಕೊಟ್ಟು ಬರೆಸಿದ ಚಿತ್ರದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರಿಗೇ ಹೋಗುತ್ತದೆ. "ಹಕ್ಕು ಕಲಾವಿದೆಯದೇ" ಎಂದು ಬರೆದುಕೊಟ್ಟರೆ ಅದಕ್ಕಿಂತ ದೊಡ್ಡ ಪೋಷಣೆ ಇಲ್ಲ.

ಇನ್ನು ಬಣ್ಣದ ಮಾತು: ಕೆಂಪು ಹಿನ್ನೆಲೆಗೆ ಕೆಮ್ಮಣ್ಣು, ಬಿಳಿಗೆ ನೆನೆಸಿ ರುಬ್ಬಿದ ಅಕ್ಕಿ, ಕಪ್ಪಿಗೆ ಕರಕಾಗುವಂತೆ ಹುರಿದ ಅಕ್ಕಿ, ಹಳದಿಗೆ ಗುರಿಗೆ ಎಂಬ ಗಿಡದ ಬೀಜ, ಕುಂಚಕ್ಕೆ ಪುಂಡಿ ನಾರು. ಅಂಗಡಿ ಬಣ್ಣ ಬಳಸುವುದಾದರೆ ಅದನ್ನೂ ಮೊದಲೇ ಕೇಳಿ ತಿಳಿಯಿರಿ, ಕಾಪಿಡುವ ರೀತಿ ಬೇರೆ. ಕೆಮ್ಮಣ್ಣನ್ನು ಒಮ್ಮೆಲೇ ದಪ್ಪಗೆ ಬಳಿದರೆ ಒಣಗುವಾಗ ಬಿರಿಯುತ್ತದೆ. ತೆಳುವಾಗಿ ಎರಡು ಮೂರು ಸಲ ಬಳಿಯಬೇಕು. ಅಕ್ಕಿಹಿಟ್ಟು ಗಟ್ಟಿಯಾದರೆ ಗೆರೆ ಉದುರುತ್ತದೆ, ನೀರಾದರೆ ಕೆಳಗಿನ ಕೆಂಪು ಇಣುಕುತ್ತದೆ.

ಕಾರವಾರ, ಕುಮಟಾದಂಥ ಕರಾವಳಿಯ ಮನೆಗಳಲ್ಲಿ ಮಳೆಗಾಲವೇ ದೊಡ್ಡ ಶತ್ರು. ಅಕ್ಕಿಗೆ ಬೂಷ್ಟು, ಜಿರಳೆ ಎರಡೂ ಬರುತ್ತವೆ. ಪಡುವಣದ ಮಳೆ ಹೊಡೆಯುವ ಗೋಡೆಗೆ ತೂಗುಹಾಕಬೇಡಿ. ಫ್ರೇಮ್ ಕಟ್ಟಿಸುವಾಗ ಚಿತ್ರಕ್ಕೂ ಗಾಜಿಗೂ ನಡುವೆ 5 ಮಿಲಿಮೀಟರ್ ಪಟ್ಟಿ ಕೊಡಿಸಿ. ಗಾಜು ತಾಗಿದರೆ ಒಳಗೆ ಬೆವರಿ ಬಿಳಿ ಗೆರೆ ಗಾಜಿಗೆ ಅಂಟುತ್ತದೆ, ಬಿಡಿಸುವಾಗ ಕಿತ್ತುಬರುತ್ತದೆ. ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ಬಾಟಲಿ ಬಿರಡೆಯ ತುಂಡು ಅಂಟಿಸಿದರೆ ಗೋಡೆಗೂ ಫ್ರೇಮಿಗೂ ನಡುವೆ ಗಾಳಿ ಆಡುತ್ತದೆ. ಪ್ಲಾಸ್ಟಿಕ್ ಸುತ್ತಿಡಬೇಡಿ. ಒದ್ದೆ ಬಟ್ಟೆ ಬೇಡವೇ ಬೇಡ, ಕೆಮ್ಮಣ್ಣು ಕರಗುತ್ತದೆ. ಮೃದು ಒಣ ಕುಂಚದಿಂದ ಧೂಳು ಹಾರಿಸಿ. ಗೆರೆ ಉದುರಿದರೆ ನೀವೇ ತಿದ್ದದೆ ಬರೆದವರಿಗೆ ಹೇಳಿಕಳಿಸಿ, ಆ ಕೆಲಸಕ್ಕೂ ಬೇರೆ ಹಣ ಕೊಡಿ.