ಆಶುಭಾಷಣ: ಚೀಟಿ ಬಿಡಿಸುವ ಮೊದಲು

ಆಶುಭಾಷಣಕ್ಕೆಂದು ನಾನು ಎತ್ತಿದ ಚೀಟಿಯಲ್ಲಿ ‘ಮೌನ’ ಎಂದು ಬರೆದಿತ್ತು. ಯೋಚಿಸಲು ಒಂದು ನಿಮಿಷ, ಮಾತಾಡಲು ಮೂರು. ನಾಲ್ಕು ವಾಕ್ಯ ಆಡುವಷ್ಟರಲ್ಲಿ ನನ್ನ ಮಾತು ನಿಂತುಹೋಯಿತು. ತಯಾರಿ ಮಾಡಿಕೊಂಡರೆ ಅದು ಆಶುಭಾಷಣವೇ ಅಲ್ಲ ಎಂದು ನಾನು ಬಲವಾಗಿ ನಂಬಿದ್ದ ಕಾಲವದು.

ಅಂದು ರಾತ್ರಿ ನಿಘಂಟು ತೆರೆದೆ. ‘ಆಶು’ ಎಂದರೆ ಬೇಗ, ಅಷ್ಟೇ. ಸಿದ್ಧತೆಯ ಸುದ್ದಿಯೇ ಅಲ್ಲಿಲ್ಲ. ಸಂಸ್ಕೃತದ ಸಮಾನಾರ್ಥಕ ಪದಗಳ ಕೋಶವಾದ ಅಮರಕೋಶದಲ್ಲಿ ಅದು ಶೀಘ್ರ, ತ್ವರಿತ, ಕ್ಷಿಪ್ರಗಳ ಜೊತೆಗೆ ಕೂತಿದೆ. ಬೇಗ ಒಲಿಯುವ ಶಿವ ಆಶುತೋಷ. ಗ್ರೀಕಿನ ‘ಓಕುಸ್’ ಇದೇ ಬೇರಿನದು, ಅದರ ಅರ್ಥವೂ ವೇಗದ್ದೇ. ಗಾಳಿಗೂ ಬಾಣಕ್ಕೂ ‘ಆಶುಗ’ ಎಂಬ ಹೆಸರಿದೆ. ಈ ಬಾಣ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಅದು ಹಾರುವುದು ಕ್ಷಣಮಾತ್ರದಲ್ಲಿ, ಆದರೆ ಅದಕ್ಕೂ ಮೊದಲು ಯಾರೋ ಹೆದೆ ಎಳೆದಿರುತ್ತಾರೆ.

ಎಕ್ಸ್‌ಟೆಂಪೋರ್ ಎಂದು ಆಶುಭಾಷಣವನ್ನು ಇಂಗ್ಲಿಷಿನಲ್ಲಿ ಕರೆಯುತ್ತೇವಲ್ಲ, ಅದು ಲ್ಯಾಟಿನ್ನಿನ ‘ಎಕ್ಸ್ ಟೆಂಪೊರೆ’: ಆ ಗಳಿಗೆಯೊಳಗಿಂದ ಎದ್ದದ್ದು. ಅದೇ ಅರ್ಥದಲ್ಲಿ ಬಳಸುವ ಇಂಪ್ರಾಂಪ್ಟು ಇನ್ನೂ ಬೆರಗಿನ ಪದ. ಅದರ ಮೂಲವಾದ ‘ಇನ್ ಪ್ರಾಂಪ್ಟು’ವಿಗೆ ಕೈಗೆಟುಕುವಂತೆ ಸಿದ್ಧವಾಗಿ ಎಂದು ಅರ್ಥ, ಹೊರತೆಗೆ ಎಂಬ ಕ್ರಿಯಾಪದದಿಂದ ಹುಟ್ಟಿದ್ದು. ಒಳಗೆ ಇಲ್ಲದ್ದನ್ನು ಹೊರತೆಗೆಯುವುದು ಹೇಗೆ? 1ನೇ ಶತಮಾನದ ರೋಮಿನ ಭಾಷಣಗುರು ಕ್ವಿಂಟಿಲಿಯನ್ ಇಂಥ ಮಾತುಗಾರಿಕೆಯನ್ನು ಅಧ್ಯಯನದ ಅತಿ ದೊಡ್ಡ ಫಲವೆಂದು ಕರೆದಿದ್ದಾನೆ.

ಹಾಗಂತ ಬಾಯಿಪಾಠ ಮಾಡಿದ ಪೀಠಿಕೆಯನ್ನು ಸಿಕ್ಕ ವಿಷಯಕ್ಕೆಲ್ಲ ಅಂಟಿಸುವುದು ನನಗೆ ಒಪ್ಪಿಗೆಯಿಲ್ಲ. ಹಲವರು ಒಡ್ಡುವ ಸವಾಲುಗಳಿಗೆ ಸಭೆಯಲ್ಲೇ ಪದ್ಯ ಕಟ್ಟಿ ಉತ್ತರಿಸುವ ಅವಧಾನದಲ್ಲಿ ಆಶುಕವಿತೆ ಹೇಳುವವರನ್ನು ನೋಡಿ. ಛಂದಸ್ಸು ಅವರಿಗೆ ಎಂದೋ ಮೈಗೂಡಿದೆ, ಪದ್ಯ ಮಾತ್ರ ವಿಷಯ ಕೊಟ್ಟ ಮೇಲೆಯೇ ಹುಟ್ಟಬೇಕು.

ನನ್ನ ಅಭ್ಯಾಸ ಅಲ್ಲಿಂದ ಬದಲಾಯಿತು. ದಿನಕ್ಕೊಂದು ಪದ, ಕಣ್ಣು ಮುಚ್ಚಿ ನಿಘಂಟಿನಲ್ಲಿ ಬೆರಳಿಟ್ಟಲ್ಲಿ ಸಿಕ್ಕಿದ್ದು. ಒಂದು ನಿಮಿಷದಲ್ಲಿ ಮೊದಲು ಹುಡುಕುವುದು ಕೊನೆಯ ವಾಕ್ಯ. ಎಲ್ಲಿಗೆ ಹೋಗಬೇಕೆಂದು ಗೊತ್ತಾದರೆ ಹೊರಡುವ ಭಯ ಇರುವುದಿಲ್ಲ. ಆಮೇಲೆ ಆ ಪದವನ್ನು ಕಣ್ಣಾರೆ ಕಂಡ ಯಾವುದಾದರೂ ಘಟನೆಗೆ ಗಂಟು ಹಾಕುತ್ತೇನೆ. ಮೂರು ನಿಮಿಷಕ್ಕೆ ಒಂದೇ ಘಟನೆ ಸಾಕು, ಎರಡು ತುರುಕಿದರೆ ಎರಡೂ ಕೆಡುತ್ತವೆ. ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳುತ್ತೇನೆ. ಮೊದಮೊದಲು ಎಲ್ಲಿ ನೋಡಿದರೂ ‘ಏನಂದ್ರೆ’, ‘ಅಂದ್ರೆ’. ಆ ಜಾಗಗಳಲ್ಲಿ ಸುಮ್ಮನಿರಲು ಕಲಿಯುವುದಕ್ಕೆ ತಿಂಗಳುಗಳೇ ಬೇಕಾದವು. ಎರಡು ಕ್ಷಣ ಸುಮ್ಮನಿದ್ದರೆ ಸಭೆ ಅದನ್ನು ತಡವರಿಕೆ ಎಂದುಕೊಳ್ಳುವುದಿಲ್ಲ, ಇನ್ನಷ್ಟು ಕಿವಿಗೊಡುತ್ತದೆ. ಇದು ನನಗೆ ಅನುಭವದಿಂದಲೇ ತಿಳಿಯಬೇಕಾಯಿತು.

ಈಗಲೂ ಕೆಲವು ಪದಗಳು ಬಗ್ಗುವುದಿಲ್ಲ. ಕೀಲಿ, ಕೊಡೆ, ನೆರಳು ಬಂದರೆ ಘಟನೆ ತಕ್ಷಣ ಹೊಳೆಯುತ್ತದೆ. ನ್ಯಾಯ, ನಂಬಿಕೆ ಬಂದಾಗ ಒಂದು ನಿಮಿಷ ಸಾಲುವುದೇ ಇಲ್ಲ. ಅದಕ್ಕೇ ಈ ತಿಂಗಳು ಬೆರಳಿಡುವುದನ್ನು ಬಿಟ್ಟು ಅಂಥ ಪದಗಳನ್ನೇ ಆರಿಸಿಕೊಳ್ಳುತ್ತಿದ್ದೇನೆ. ನಿನ್ನೆಯದು ‘ಋಣ’. ಎರಡು ನಿಮಿಷ ಹತ್ತು ಸೆಕೆಂಡ್ ಮಾತಾಡಿದೆ.